ವಲಸಿಗರ ಹಾಡು, ಅನ್ಯಾಯದ ಸಾಕ್ಷಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



 

ವಲಸೆ ಹೋದವರು ಪರದೇಶದಲ್ಲಿ ಜನಾಂಗ ದ್ವೇಷವನ್ನೂ ಅಧಿಕಾರದ ದುರುಪಯೋಗವನ್ನೂ ಎದುರಿಸಿ ಕಟ್ಟಿದ ಹಾಡುಗಳ ಬಗ್ಗೆ ಇಂದು ಎರಡು ಮಾತು ಹೇಳಬೇಕೆಂದಿದ್ದೇನೆ. ಶಿಕ್ಷಣ ಸಂಘದ ಸಭೆಯಲ್ಲಿ ಹಾಡಿನ ಮಾತೇಕೆ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಸಂಗೀತದ ವಿಷಯದಲ್ಲಿ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಮಸಲೆಯನ್ನು ತೀರ್ಮಾನಿಸುವ ಅರ್ಹತೆ ನನಗಿಲ್ಲ. ಭಾಷೆ ಕಲಿಸುವುದು ನನ್ನ ಕೆಲಸ. ಹಾಗಾಗಿ ನಾನು ವಾದ್ಯಗಳ ಬಗ್ಗೆ ಅಲ್ಲ, ಮಾತಿನ ಬಗ್ಗೆ ಮಾತನಾಡುತ್ತೇನೆ. ಪ್ರವಾದಿಯವರ (ಸ) ಕಾಲದಲ್ಲಿ ಹಸ್ಸಾನ್ ಬಿನ್ ಸಾಬಿತ್ ಎಂಬ ಕವಿಗೆ ಮಸೀದಿಯಲ್ಲೇ ಮಿಂಬರ್ ಹಾಕಿಸಿಕೊಡಲಾಗಿತ್ತು ಎಂಬುದನ್ನು ನೀವು ಓದಿದ್ದೀರಿ. ನಮ್ಮ ವಿಜಾಪುರದ ಸೂಫಿಗಳು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳಿಗಾಗಿ ದಖನಿಯಲ್ಲಿ ಚಕ್ಕಿನಾಮಾಗಳನ್ನು ರಚಿಸಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕರ್ಬಲಾದ ಅನ್ಯಾಯದ ಕಥೆಯನ್ನು ಹಿಂದೂ ಮುಸ್ಲಿಮರು ಜೊತೆಯಾಗಿ ಮೊಹರಂನ ರಿವಾಯತ್ ಪದಗಳಲ್ಲಿ ಕನ್ನಡದಲ್ಲೇ ಹಾಡುತ್ತಾ ಬಂದಿದ್ದಾರೆ. ಅನ್ಯಾಯವನ್ನು ಮರೆಯದಂತೆ ಪದ ಕಟ್ಟಿ ಕಾಪಾಡುವುದು ನಮಗೆ ಹೊಸದೇನಲ್ಲ.

ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವ ದೇಶ ಇಂಗ್ಲೆಂಡ್. ಏಕೆಂದರೆ ಅಲ್ಲಿಗೆ ಹೋದವರಲ್ಲಿ ನಮ್ಮ ಉಪಖಂಡದವರೇ ಲಕ್ಷಾಂತರ ಮಂದಿ ಇದ್ದಾರೆ.

ಕರೆಸಿಕೊಂಡವರು, ಬೇಡವಾದವರು

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡ್ ಜರ್ಜರಿತವಾಗಿತ್ತು. ಕಾರ್ಖಾನೆ, ರೈಲು, ಬಸ್ಸು, ಆಸ್ಪತ್ರೆ, ಎಲ್ಲಕ್ಕೂ ಕೈಗಳು ಬೇಕಾಗಿದ್ದವು. 1948ರಲ್ಲಿ ಬಂದ ಪೌರತ್ವ ಕಾನೂನು ವಸಾಹತುಗಳ ಪ್ರಜೆಗಳಿಗೆ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕನ್ನು ಕೊಟ್ಟಿತು. ಅದೇ ವರ್ಷದ ಜೂನ್ 22ರಂದು 'ಎಂಪೈರ್ ವಿಂಡ್‌ರಷ್' ಎಂಬ ಹಡಗಿನಿಂದ ವೆಸ್ಟ್ ಇಂಡೀಸ್ ದ್ವೀಪಗಳ ನೂರಾರು ಮಂದಿ ಲಂಡನ್ ಬಳಿಯ ಟಿಲ್ಬರಿ ಬಂದರಿನಲ್ಲಿ ಇಳಿದರು. ಅವರಲ್ಲಿ 'ಲಾರ್ಡ್ ಕಿಚನರ್' ಎಂಬ ಹೆಸರಿನಿಂದ ಪ್ರಸಿದ್ಧನಾಗಿದ್ದ ಟ್ರಿನಿಡಾಡಿನ ಗಾಯಕನೊಬ್ಬನಿದ್ದ. ಸುದ್ದಿಚಿತ್ರದವರು ಒಂದು ಹಾಡು ಹೇಳು ಎಂದಾಗ ಆತ ಲಂಡನ್ ನಗರವನ್ನು ಹೊಗಳಿ ಹಾಡಿದ. ಬಂದವರ ಮನಸ್ಸಿನಲ್ಲಿ ದ್ವೇಷವಿರಲಿಲ್ಲ, ಭರವಸೆಯಿತ್ತು ಎಂಬುದಕ್ಕೆ ಆ ಹಾಡೇ ಸಾಕ್ಷಿ.

ಅವರ ಹಿಂದೆಯೇ ಪಂಜಾಬಿನವರು, ಸಿಲ್ಹೆಟ್ಟಿನ ಬಂಗಾಳಿಗಳು, ಮಂಗ್ಲಾ ಅಣೆಕಟ್ಟಿನಿಂದ ಊರು ಮುಳುಗಿ ನಿರಾಶ್ರಿತರಾದ ಮೀರ್‌ಪುರದವರು ಬಂದರು. ಬಟ್ಟೆ ಗಿರಣಿಗಳಲ್ಲಿ ರಾತ್ರಿ ಪಾಳಿ ಮಾಡಿದರು. ಬಿಳಿಯರು ಬೇಡವೆಂದು ಬಿಟ್ಟ ಕೆಲಸಗಳನ್ನು ಇವರು ಮಾಡಿದರು. ಆದರೆ ಕೆಲಸಕ್ಕೆ ಬೇಕಾದವರು ನೆರೆಮನೆಗೆ ಬೇಡವಾದರು. ಬಾಡಿಗೆ ಮನೆ ಸಿಗುತ್ತಿರಲಿಲ್ಲ. 1962, 1968 ಮತ್ತು 1971ರ ಕಾನೂನುಗಳು ಬಾಗಿಲನ್ನು ಒಂದೊಂದಾಗಿ ಮುಚ್ಚುತ್ತಾ ಬಂದವು. 1968ರ ಏಪ್ರಿಲ್ 20ರಂದು ಈನಾಕ್ ಪೊವೆಲ್ ಎಂಬ ಸಂಸತ್ ಸದಸ್ಯ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವಲಸಿಗರ ವಿರುದ್ಧ ಮಾಡಿದ ಭಾಷಣ ದೇಶದಾದ್ಯಂತ ವಿಷದಂತೆ ಹರಡಿತು. 'ನ್ಯಾಷನಲ್ ಫ್ರಂಟ್' ಎಂಬ ಪಕ್ಷ ವಲಸಿಗರನ್ನು ಹೊರಗಟ್ಟಬೇಕೆಂದು ಬೀದಿಗಿಳಿಯಿತು.

ಅಧಿಕಾರಿಗಳ ಧೋರಣೆಯೂ ಬೇರೆಯಾಗಿರಲಿಲ್ಲ. ಅನ್ವರ್ ದಿತ್ತಾ ಎಂಬ ಮಹಿಳೆ ಇಂಗ್ಲೆಂಡಿನಲ್ಲೇ ಹುಟ್ಟಿದವರು. ಪಾಕಿಸ್ತಾನದಲ್ಲಿದ್ದ ತನ್ನ ಮೂವರು ಮಕ್ಕಳನ್ನು ಕರೆತರಲು ಅರ್ಜಿ ಹಾಕಿದಾಗ, ಅವು ನಿಮ್ಮ ಮಕ್ಕಳೇ ಅಲ್ಲ ಎಂದು ಗೃಹ ಇಲಾಖೆ ತಿರಸ್ಕರಿಸಿತು. ಆ ತಾಯಿ ಸಭೆಯಿಂದ ಸಭೆಗೆ ಹೋಗಿ ತನ್ನ ಕಥೆ ಹೇಳಿದರು. ಕೊನೆಗೆ ಒಂದು ದೂರದರ್ಶನ ಕಾರ್ಯಕ್ರಮದವರು ರಕ್ತ ಪರೀಕ್ಷೆ ಮಾಡಿಸಿ ಸತ್ಯವನ್ನು ರುಜುವಾತುಪಡಿಸಿದ ಮೇಲೆ, 1981ರಲ್ಲಿ ಮಕ್ಕಳು ತಾಯಿಯ ಮಡಿಲು ಸೇರಿದರು. ಹೆತ್ತ ತಾಯಿ ತಾನೇ ತಾಯಿ ಎಂದು ರುಜುವಾತು ಮಾಡಬೇಕಾದ ಸ್ಥಿತಿ ಎಂಥದ್ದು, ನೀವೇ ಯೋಚಿಸಿ!

ತರಗತಿಯಲ್ಲಿ ನಡೆದ ಅನ್ಯಾಯ

ಶಿಕ್ಷಕ ಬಂಧುಗಳು ಈ ಭಾಗವನ್ನು ಗಮನವಿಟ್ಟು ಕೇಳಬೇಕು. ವಲಸಿಗರ ಮಕ್ಕಳು ಶಾಲೆಗೆ ಬಂದಾಗ ಏನಾಯಿತು? ಕೆರಿಬಿಯನ್ ದ್ವೀಪಗಳ ಮಕ್ಕಳು ಮನೆಯಲ್ಲಿ ಆಡುತ್ತಿದ್ದದ್ದು ತಮ್ಮದೇ ರೀತಿಯ ಇಂಗ್ಲಿಷು. ಶಾಲೆಯವರಿಗೆ ಅದು ಕೆಟ್ಟ ಇಂಗ್ಲಿಷಾಗಿ ಕೇಳಿಸಿತು. ಬುದ್ಧಿ ಪರೀಕ್ಷೆಗಳಲ್ಲಿ ಇಂಗ್ಲೆಂಡಿನ ಮಧ್ಯಮ ವರ್ಗದ ಮನೆಗಳ ವಸ್ತುಗಳ ಬಗ್ಗೆ ಪ್ರಶ್ನೆಗಳಿದ್ದವು. ಉತ್ತರಿಸಲಾಗದ ಮಕ್ಕಳನ್ನು ಮಂದಬುದ್ಧಿಯವರೆಂದು ಬೇರೆ ಶಾಲೆಗಳಿಗೆ ಕಳುಹಿಸಿದರು. 1971ರಲ್ಲಿ ಬರ್ನಾರ್ಡ್ ಕೋರ್ಡ್ ಎಂಬ ಗ್ರೆನೇಡಾ ದ್ವೀಪದ ಶಿಕ್ಷಕ ಒಂದು ಚಿಕ್ಕ ಪುಸ್ತಕ ಬರೆದು ಈ ಅನ್ಯಾಯವನ್ನು ಬಯಲಿಗೆಳೆದ. ಮಗು ಮಂದವಲ್ಲ, ಮಗುವನ್ನು ಮಂದ ಮಾಡಲಾಗುತ್ತಿದೆ ಎಂಬುದು ಆತನ ವಾದ. ಆಗ ಪೋಷಕರು ಸುಮ್ಮನೆ ಕೂರಲಿಲ್ಲ. ಮನೆಗಳಲ್ಲಿ, ಚರ್ಚಿನ ಕೋಣೆಗಳಲ್ಲಿ ಶನಿವಾರದ ಶಾಲೆಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ತೆರೆದರು. ಓದು, ಲೆಕ್ಕ, ಜೊತೆಗೆ ತಮ್ಮ ಇತಿಹಾಸವನ್ನೂ ಕಲಿಸಿದರು. ನಮ್ಮ ಸಂಘದಂತಹ ಸಂಸ್ಥೆಗಳು ಹುಟ್ಟಿದ್ದೂ ಇಂತಹ ಕಾಳಜಿಯಿಂದಲೇ ಅಲ್ಲವೇ?

ಮಗ ತಾಯಿಗೆ ಬರೆದ ಪತ್ರ

ಶಾಲೆ ತಿರಸ್ಕರಿಸಿದ ಅದೇ ಭಾಷೆಯನ್ನು ಎತ್ತಿಕೊಂಡು ಕವಿತೆ ಬರೆದವರು ಲಿಂಟನ್ ಕ್ವೆಸಿ ಜಾನ್ಸನ್. 1952ರಲ್ಲಿ ಜಮೈಕಾದ ಹಳ್ಳಿಗಾಡಿನಲ್ಲಿ ಹುಟ್ಟಿ, 1963ರಲ್ಲಿ ಲಂಡನ್ನಿನಲ್ಲಿದ್ದ ತಾಯಿಯ ಬಳಿಗೆ ಬಂದರು. ಮುಂದೆ ಸಮಾಜಶಾಸ್ತ್ರ ಓದಿದರು. ಜಮೈಕಾದಲ್ಲಿ 1960ರ ದಶಕದ ಕೊನೆಯಲ್ಲಿ ಹುಟ್ಟಿದ 'ರೆಗ್ಗೆ' ಎಂಬ ಸಂಗೀತದ ನಿಧಾನವಾದ, ಭಾರವಾದ ತಾಳಕ್ಕೆ ಅವರು ತಮ್ಮ ಕವಿತೆಗಳನ್ನು ಓದುತ್ತಿದ್ದರು. ಹಾಡುವುದಲ್ಲ, ಓದುವುದು. ಮುಶಾಯಿರಾದಲ್ಲಿ ಶಾಯರ್ ತಹತ್‌ನಲ್ಲಿ ಓದುವುದನ್ನು ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ಹೇಗೆ ಉಚ್ಚರಿಸುತ್ತಾರೋ ಹಾಗೆಯೇ ಅಕ್ಷರ ಜೋಡಿಸಿ ಬರೆದರು. 2002ರಲ್ಲಿ ಪೆಂಗ್ವಿನ್ ಪ್ರಕಾಶನದ ಆಧುನಿಕ ಶ್ರೇಷ್ಠ ಕೃತಿಗಳ ಮಾಲೆಯಲ್ಲಿ ಅವರ ಕವಿತೆಗಳು ಪ್ರಕಟವಾದವು. ಆ ಮಾಲೆಗೆ ಸೇರಿದ ಮೊದಲ ಕಪ್ಪು ಕವಿ ಅವರೇ.

ಅವರ ಅತ್ಯಂತ ಪ್ರಸಿದ್ಧ ರಚನೆಗಳಲ್ಲಿ ಒಂದು 1979ರಲ್ಲಿ ಹೊರಬಂದ 'ಸನೀಸ್ ಲೆಟ್ಟಾ'. ಅಂದರೆ ಸನ್ನಿಯ ಪತ್ರ. ಇದರ ಹಿನ್ನೆಲೆ ತಿಳಿಯಬೇಕಾದರೆ ಒಂದು ಕಾನೂನನ್ನು ತಿಳಿಯಬೇಕು. 1824ರಷ್ಟು ಹಿಂದೆ ಅಲೆಮಾರಿಗಳನ್ನು ಹಿಡಿಯಲು ಮಾಡಿದ ಕಾಯಿದೆಯೊಂದರ 4ನೆಯ ಕಲಮಿನ ಪ್ರಕಾರ, ಅಪರಾಧ ಮಾಡುವ ಉದ್ದೇಶದಿಂದ ಸುಳಿದಾಡುತ್ತಿದ್ದಾನೆ ಎಂಬ ಸಂಶಯದ ಮೇಲೆಯೇ ಯಾರನ್ನಾದರೂ ಬಂಧಿಸಬಹುದಾಗಿತ್ತು. ಕಳವಾದ ವಸ್ತು ಬೇಕಿಲ್ಲ, ಕಳೆದುಕೊಂಡವರು ಬೇಕಿಲ್ಲ. ಇಬ್ಬರು ಪೊಲೀಸರ ಮಾತೇ ಸಾಕ್ಷಿ. ಜನ ಇದನ್ನು 'ಸಸ್' ಕಾನೂನು ಎಂದು ಕರೆದರು. ನೂರೈವತ್ತು ವರ್ಷ ಹಳೆಯದಾದ ಈ ಕಲಮನ್ನು 1970ರ ದಶಕದಲ್ಲಿ ಕಪ್ಪು ಹುಡುಗರ ಮೇಲೆ ವಿಪರೀತವಾಗಿ ಬಳಸಲಾಯಿತು.

ಕವಿತೆಯಲ್ಲಿ ಸನ್ನಿ ಎಂಬ ಯುವಕ ಸೆರೆಮನೆಯಿಂದ ತಾಯಿಗೆ ಪತ್ರ ಬರೆಯುತ್ತಾನೆ. ಮೊದಲು ವಿಳಾಸ, ನಂತರ ಸಂಬೋಧನೆ, ನಂತರ ಕ್ಷೇಮ ಸಮಾಚಾರ. ನಾವು ಪತ್ರಲೇಖನದ ಪಾಠದಲ್ಲಿ ಕಲಿಸುವ ಚೌಕಟ್ಟೇ ಅದು! ಆದರೆ ಮೇಲಿನ ವಿಳಾಸ ಜೈಲಿನದು. ತಮ್ಮನನ್ನು ನೋಡಿಕೊಳ್ಳುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದ ಅಣ್ಣ, ಅದನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ಹೇಳಬೇಕಾಗಿದೆ. ಸಂಜೆ ಜನಜಂಗುಳಿಯಲ್ಲಿ ಅಣ್ಣ ತಮ್ಮ ಬಸ್ಸಿಗೆ ಕಾಯುತ್ತಿರುತ್ತಾರೆ. ಪೊಲೀಸ್ ವ್ಯಾನ್ ಬಂದು ನಿಲ್ಲುತ್ತದೆ. ತಮ್ಮನನ್ನು ಹಿಡಿದು ಹೊಡೆಯತೊಡಗುತ್ತಾರೆ. ಅಣ್ಣ ನೋಡುತ್ತಾ ನಿಲ್ಲಲಾರದೆ ಕೈ ಮಾಡುತ್ತಾನೆ. ಒಬ್ಬ ಪೊಲೀಸ್ ಬಿದ್ದು ಸಾಯುತ್ತಾನೆ. ತಮ್ಮನ ಮೇಲೆ ಸಂಶಯದ ಆರೋಪ, ಅಣ್ಣನ ಮೇಲೆ ಕೊಲೆಯ ಆರೋಪ. ಪತ್ರ ಮುಗಿಯುವಾಗ ಮಗ ತಾಯಿಗೇ ಧೈರ್ಯ ಹೇಳುತ್ತಾನೆ.

ಇಲ್ಲಿ ಕವಿ ಕೊಲೆಯನ್ನು ಹೊಗಳುತ್ತಿಲ್ಲ, ಘೋಷಣೆಯನ್ನೂ ಕೂಗುತ್ತಿಲ್ಲ. ಒಂದು ಕೆಟ್ಟ ಕಾನೂನು ಒಂದು ಮನೆಯನ್ನು ಹೇಗೆ ಮುರಿಯುತ್ತದೆ ಎಂದು ತೋರಿಸುತ್ತಾರೆ, ಅಷ್ಟೇ. ನ್ಯಾಯಾಲಯದಲ್ಲಿ ದಾಖಲಾಗದ ಹೇಳಿಕೆ ಇಲ್ಲಿ ಕವಿತೆಯಾಗಿ ದಾಖಲಾಯಿತು. 1948ರಲ್ಲಿ ಬಂದರಿನಲ್ಲಿ ನಿಂತು ಲಂಡನ್ನನ್ನು ಹೊಗಳಿದ ಹಾಡಿಗೂ 1979ರಲ್ಲಿ ಲಂಡನ್ನಿನ ಜೈಲಿನಿಂದ ಬರೆದ ಈ ಪತ್ರಕ್ಕೂ ನಡುವೆ 31 ವರ್ಷ. ವಲಸಿಗರ ಭರವಸೆಗೆ ಏನಾಯಿತು ಎಂಬುದನ್ನು ಈ ಎರಡು ರಚನೆಗಳನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಈ ಕಾನೂನಿನ ವಿರುದ್ಧ ಲಂಡನ್ನಿನ ಕಪ್ಪು ತಾಯಂದಿರು ಚಳವಳಿ ಹೂಡಿದರು. ಹಾಡು ಅವರ ಜೊತೆಗಿತ್ತು. 1981ರಲ್ಲಿ ಆ ಕಲಮು ರದ್ದಾಯಿತು.

ಒಂದೇ ವೇದಿಕೆಯ ಮೇಲೆ

ಸಂಗೀತಗಾರರೆಲ್ಲ ಒಳ್ಳೆಯವರೇ ಎಂದು ಭಾವಿಸಬೇಡಿ. 1976ರ ಆಗಸ್ಟ್ 5ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರಖ್ಯಾತ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ವೇದಿಕೆಯ ಮೇಲಿಂದಲೇ ಪೊವೆಲ್‌ನನ್ನು ಬೆಂಬಲಿಸಿ, ವಲಸಿಗರನ್ನು ನಿಂದಿಸಿ ಮಾತನಾಡಿದ. ಕಪ್ಪು ಜನರ ಸಂಗೀತದಿಂದಲೇ ಹೆಸರು ಮಾಡಿದವನು, ಬಾಬ್ ಮಾರ್ಲಿಯ ಹಾಡನ್ನು ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದವನು ಹೀಗೆ ಹೇಳಿದನಲ್ಲ ಎಂದು ಕೆಲವು ತರುಣರು ಪತ್ರಿಕೆಗೆ ಕಾಗದ ಬರೆದರು. ಆ ಒಂದು ಕಾಗದದಿಂದ 'ರಾಕ್ ಎಗೇನ್ಸ್ಟ್ ರೇಸಿಸಂ' ಎಂಬ ಚಳವಳಿ ಹುಟ್ಟಿತು. ಬಿಳಿಯರ ತಂಡಗಳೂ ಕಪ್ಪು ಜನರ ತಂಡಗಳೂ ಒಂದೇ ವೇದಿಕೆ ಹಂಚಿಕೊಳ್ಳಬೇಕು ಎಂಬುದು ಅದರ ರೀತಿ. ಕ್ಲಾಪ್ಟನ್ ಕೂಡ ಬಹಳ ವರ್ಷಗಳ ನಂತರ, 2018ರಲ್ಲಿ, ಆ ಮಾತುಗಳಿಗಾಗಿ ನಾಚಿಕೆಯಾಗುತ್ತದೆ ಎಂದು ಹೇಳಿದ.

1978ರ ಏಪ್ರಿಲ್ 30ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ಪೂರ್ವ ಲಂಡನ್ನಿನ ವಿಕ್ಟೋರಿಯಾ ಪಾರ್ಕ್‌ವರೆಗೆ ಹತ್ತಾರು ಸಾವಿರ ಜನ ಮೆರವಣಿಗೆ ಹೋದರು. ಅಲ್ಲಿ ಬಿಳಿಯ ತರುಣರ 'ದಿ ಕ್ಲ್ಯಾಶ್' ತಂಡವೂ, ಬರ್ಮಿಂಗ್‌ಹ್ಯಾಮ್‌ನ ಕಪ್ಪು ತರುಣರ 'ಸ್ಟೀಲ್ ಪಲ್ಸ್' ತಂಡವೂ ಹಾಡಿದವು. ಆದರೆ ಹಾಡಿನಿಂದ ದ್ವೇಷ ರಾತ್ರೋರಾತ್ರಿ ಅಳಿಯುವುದಿಲ್ಲ. ಅದಾಗಿ ನಾಲ್ಕೇ ದಿನಕ್ಕೆ, ಮೇ 4ರ ಸಂಜೆ, ಅಲ್ತಾಬ್ ಅಲಿ ಎಂಬ ಬಂಗಾಳಿ ಮುಸ್ಲಿಂ ತರುಣ, ಬಟ್ಟೆ ಹೊಲಿಯುವ ಕಾರ್ಮಿಕ, ಕೆಲಸ ಮುಗಿಸಿ ಮನೆಗೆ ಹೋಗುವಾಗ ವೈಟ್‌ಚಾಪೆಲ್ ಬಳಿ ಕೊಲೆಯಾದ. ಹತ್ತು ದಿನಗಳ ನಂತರ ಸುಮಾರು 7000 ಜನ ಆತನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸದವರೆಗೆ ನಡೆದರು. ಆತ ಬಿದ್ದ ಜಾಗದ ಪಕ್ಕದ ಉದ್ಯಾನಕ್ಕೆ 1998ರಲ್ಲಿ ಅಲ್ತಾಬ್ ಅಲಿ ಪಾರ್ಕ್ ಎಂದು ಹೆಸರಿಟ್ಟರು.

ಸೌತಾಲ್: ಒಬ್ಬ ಶಿಕ್ಷಕನ ಬಲಿ

ಪಶ್ಚಿಮ ಲಂಡನ್ನಿನ ಸೌತಾಲ್ ಪಂಜಾಬಿಗಳು ಹೆಚ್ಚಾಗಿರುವ ಬಡಾವಣೆ. 1976ರ ಜೂನ್‌ನಲ್ಲಿ ಗುರ್‌ದೀಪ್ ಸಿಂಗ್ ಚಗ್ಗರ್ ಎಂಬ 18 ವರ್ಷದ ಹುಡುಗ ಅಲ್ಲಿ ಕೊಲೆಯಾಗಿದ್ದ. ಅಂಥ ಊರಿನ ಪುರಭವನದಲ್ಲೇ 1979ರ ಏಪ್ರಿಲ್ 23ರಂದು ನ್ಯಾಷನಲ್ ಫ್ರಂಟ್ ಚುನಾವಣಾ ಸಭೆ ಇಟ್ಟುಕೊಂಡಿತು. ಊರವರು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಸಾವಿರಾರು ಪೊಲೀಸರು ಬಂದರು. ಅವರ ಪರವಾಗಿ ನಿಲ್ಲಲು ಬಂದವರಲ್ಲಿ ಬ್ಲೇರ್ ಪೀಚ್ ಎಂಬ 33 ವರ್ಷದ ಬಿಳಿಯ ಶಿಕ್ಷಕನೂ ಇದ್ದ. ನ್ಯೂಜಿಲೆಂಡಿನಲ್ಲಿ ಹುಟ್ಟಿದವನು, ಪೂರ್ವ ಲಂಡನ್ನಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪಾಠ ಹೇಳುತ್ತಿದ್ದವನು. ತಲೆಗೆ ಬಿದ್ದ ಪೆಟ್ಟಿನಿಂದ ಆತ ಅಂದು ರಾತ್ರಿ ತೀರಿಕೊಂಡ. ಅದೇ ದಿನ ಊರಿನ ರೆಗ್ಗೆ ತಂಡ 'ಮಿಸ್ಟಿ ಇನ್ ರೂಟ್ಸ್' ನೆಲೆಸಿದ್ದ ಮನೆಗೆ ಪೊಲೀಸರು ನುಗ್ಗಿ, ತಂಡದ ವ್ಯವಸ್ಥಾಪಕ ಕ್ಲಾರೆನ್ಸ್ ಬೇಕರ್‌ನ ತಲೆಬುರುಡೆ ಬಿರುಕುಬಿಡುವಂತೆ ಹೊಡೆದರು.

ಪೀಚ್‌ನ ಅಂತ್ಯಕ್ರಿಯೆಯ ಹಿಂದಿನ ರಾತ್ರಿ ಆತನ ದೇಹವನ್ನು ಸೌತಾಲ್‌ನ ಒಂದು ಚಿತ್ರಮಂದಿರದಲ್ಲಿ ಇರಿಸಿದಾಗ ಸಾವಿರಾರು ಪಂಜಾಬಿಗಳು ಸಾಲಾಗಿ ಬಂದು ಗೌರವ ಸಲ್ಲಿಸಿದರು. ವಿಚಾರಣೆಯಲ್ಲಿ ಮಾತ್ರ, 1980ರಲ್ಲಿ, ಇದೊಂದು ಆಕಸ್ಮಿಕ ಅವಘಡ ಎಂಬ ತೀರ್ಪು ಬಂತು. ಪೊಲೀಸರೇ ನಡೆಸಿದ್ದ ಒಳತನಿಖೆಯ ವರದಿಯನ್ನು ಮುಚ್ಚಿಡಲಾಯಿತು. ಅದೇ ವರ್ಷ ಜಾನ್ಸನ್ ಪೀಚ್‌ನಿಗಾಗಿ ಒಂದು ಶೋಕಗೀತೆ ರಚಿಸಿ ಧ್ವನಿಮುದ್ರಿಸಿದರು. ಸಂಗೀತ ತಂಡಗಳು ಸಹಾಯಾರ್ಥ ಕಾರ್ಯಕ್ರಮ ನಡೆಸಿ, ಬಂಧಿತರಾದ ನೂರಾರು ಜನರ ಮೊಕದ್ದಮೆಯ ಖರ್ಚಿಗೆ ಹಣ ಕೂಡಿಸಿದವು. ಮುಚ್ಚಿಟ್ಟ ಆ ವರದಿ ಹೊರಬಂದದ್ದು 2010ರಲ್ಲಿ. ಮಾರಣಾಂತಿಕ ಪೆಟ್ಟು ಕೊಟ್ಟದ್ದು ಬಹುಮಟ್ಟಿಗೆ ಒಬ್ಬ ಪೊಲೀಸನೇ ಎಂದು ಅದರಲ್ಲಿತ್ತು. ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ.

ಸರ್ಕಾರಿ ಕಡತ 31 ವರ್ಷ ಬೀಗದೊಳಗಿತ್ತು. ಹಾಡು ಮಾತ್ರ ಮೊದಲ ವರ್ಷದಿಂದಲೇ ಜನರ ಬಾಯಲ್ಲಿತ್ತು. ಪ್ರತಿಭಟನೆಯ ಹಾಡಿನ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ: ಬೀಗ ತೆಗೆಯುವವರೆಗೆ ನೆನಪನ್ನು ಜೀವಂತವಾಗಿಡುವುದು. ಇಂದು ಸೌತಾಲ್‌ನ ಒಂದು ಪ್ರಾಥಮಿಕ ಶಾಲೆಗೆ ಬ್ಲೇರ್ ಪೀಚ್‌ನ ಹೆಸರಿದೆ. ಶಿಕ್ಷಕನೊಬ್ಬನಿಗೆ ಇದಕ್ಕಿಂತ ದೊಡ್ಡ ಬಿರುದು ಯಾವುದಿದೆ?

ಮುಂದಿನ ತಲೆಮಾರು

1981ರ ಜನವರಿ 18ರಂದು ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ ಹುಟ್ಟುಹಬ್ಬದ ಮನೆಗೆ ಬೆಂಕಿ ಬಿದ್ದು 13 ಕಪ್ಪು ಮಕ್ಕಳು, ತರುಣರು ಸತ್ತರು. ಸರ್ಕಾರದ ಮೌನವನ್ನು ಖಂಡಿಸಿ ಮಾರ್ಚ್ 2ರಂದು ಸುಮಾರು 20,000 ಜನ ಮೆರವಣಿಗೆ ಮಾಡಿದರು. ಏಪ್ರಿಲ್‌ನಲ್ಲಿ ಬ್ರಿಕ್ಸ್ಟನ್ ಬಡಾವಣೆಯಲ್ಲಿ ಪೊಲೀಸರು ಕೆಲವೇ ದಿನಗಳಲ್ಲಿ 943 ಜನರನ್ನು ತಡೆದು ಶೋಧಿಸಿದರು. ಗಲಭೆ ಎದ್ದಿತು. ಈ ಎರಡು ಘಟನೆಗಳ ಮೇಲೂ ಜಾನ್ಸನ್ ಕವಿತೆ ಬರೆದರು.

1990ರ ದಶಕದಲ್ಲಿ ನಮ್ಮ ಉಪಖಂಡದ ಮಕ್ಕಳೇ ಮುಂದೆ ಬಂದರು. 'ಏಷ್ಯನ್ ಡಬ್ ಫೌಂಡೇಶನ್' ಎಂಬ ತಂಡ 1993ರಲ್ಲಿ ಹುಟ್ಟಿದ್ದು ಒಂದು ತರಬೇತಿ ಕಾರ್ಯಾಗಾರದಲ್ಲಿ. ಅಲ್ಲಿ ಕಲಿಸುತ್ತಿದ್ದವರೂ ಕಲಿಯುತ್ತಿದ್ದ ಬಾಲಕನೂ ಸೇರಿ ತಂಡ ಕಟ್ಟಿದರು. ಹಲ್ಲೆಗೊಳಗಾದಾಗ ಆತ್ಮರಕ್ಷಣೆಗಾಗಿ ಎದುರಿಸಿದೆ ಎಂದು ಹೇಳಿದ ಸತ್‌ಪಾಲ್ ರಾಮ್ ಎಂಬಾತ 1987ರಿಂದ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ. ಆತನ ಬಿಡುಗಡೆಗಾಗಿ ಈ ತಂಡ 1998ರಲ್ಲಿ ಹಾಡು ಮಾಡಿತು. ಆತ ಬಿಡುಗಡೆಯಾದದ್ದು 2002ರಲ್ಲಿ.

ಬೆಂಜಮಿನ್ ಝೆಫನಾಯ ಎಂಬ ಕವಿಯನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಕೆರಿಬಿಯನ್ ವಲಸಿಗರ ಮಗ. ಓದು ಬರಹ ಸರಿಯಾಗಿ ಬಾರದೆ 13ನೆಯ ವಯಸ್ಸಿಗೇ ಶಾಲೆಯಿಂದ ಹೊರಬಿದ್ದವರು. ಮುಂದೆ ಅವರೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು! 2003ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಹೆಸರಿನ ಬಿರುದು ಬಂದಾಗ, ಗುಲಾಮಗಿರಿಯನ್ನು ನೆನಪಿಸುವ ಆ ಹೆಸರು ಬೇಡವೆಂದು ನಿರಾಕರಿಸಿದರು. 2023ರ ಡಿಸೆಂಬರ್‌ನಲ್ಲಿ ನಿಧನರಾದರು.

ನಮಗೇನು ಪಾಠ?

ಪ್ರೀತಿಯ ವಿದ್ಯಾರ್ಥಿಗಳೇ, ದೂರದ ದೇಶದ ಈ ಕಥೆಯಿಂದ ನೀವು ಮೂರು ವಿಷಯಗಳನ್ನು ಮನೆಗೆ ಒಯ್ಯಬೇಕು.

ಮೊದಲನೆಯದು, ಮನೆಮಾತಿನ ಬಗ್ಗೆ ನಾಚಿಕೆ ಬೇಡ. ನಮ್ಮ ಮನೆಗಳಲ್ಲಿ ಆಡುವ ದಖನಿಯನ್ನು ಕೆಟ್ಟ ಉರ್ದು ಎಂದು ಹೀಯಾಳಿಸುವವರಿದ್ದಾರೆ. ನಮ್ಮ ಕನ್ನಡದ ಉಚ್ಚಾರವನ್ನು ಕಂಡು ನಗುವವರೂ ಇದ್ದಾರೆ. ಶಿಷ್ಟ ಭಾಷೆಯನ್ನು ಚೆನ್ನಾಗಿ ಕಲಿಯಿರಿ, ಅದು ಪರೀಕ್ಷೆಗೂ ಬೇಕು, ಕಚೇರಿಗೂ ಬೇಕು, ಅರ್ಜಿ ಬರೆಯಲೂ ಬೇಕು. ಆದರೆ ತಾಯಿ ಲಾಲಿ ಹಾಡಿದ ಭಾಷೆಯಲ್ಲಿ ಸತ್ಯ ಹೇಳುವ ಶಕ್ತಿ ಇದೆ ಎಂಬುದನ್ನು ಜಾನ್ಸನ್ ತೋರಿಸಿದ್ದಾರೆ.

ಎರಡನೆಯದು, ಸಿಟ್ಟನ್ನು ಸಾಕ್ಷ್ಯವಾಗಿ ಬದಲಾಯಿಸಿ. ಕಲ್ಲು ಎಸೆದರೆ ಆ ದಿನಕ್ಕೆ ಮುಗಿಯುತ್ತದೆ, ಕೇಸು ಮಾತ್ರ ಉಳಿಯುತ್ತದೆ. ದಿನಾಂಕ, ಹೆಸರು, ಸ್ಥಳ ಸಹಿತ ಬರೆದಿಟ್ಟದ್ದು ಉಳಿಯುತ್ತದೆ. ಹಾಡು ಒಂದೇ ಸಾಲದು ಎಂಬುದೂ ನಿಜ. ಸಸ್ ಕಾನೂನು ಹೋದದ್ದು ಹಾಡಿನ ಜೊತೆಗೆ ತಾಯಂದಿರ ಚಳವಳಿಯೂ ವಕೀಲರೂ ಇದ್ದುದರಿಂದ. ಆದ್ದರಿಂದ ನಿಮ್ಮಲ್ಲಿ ಕೆಲವರು ಕವಿಗಳಾಗಿ, ಕೆಲವರು ವಕೀಲರಾಗಿ, ಕೆಲವರು ಪತ್ರಕರ್ತರಾಗಿ. ಒಳ್ಳೆಯ ಪೊಲೀಸ್ ಅಧಿಕಾರಿಗಳೂ ಆಗಿ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ನಮಗೆ ಅನ್ಯಾಯವಾದಾಗ ಮಾತ್ರ ನ್ಯಾಯ ಕೇಳುವುದು ನ್ಯಾಯವಲ್ಲ. 2024ರ ಜುಲೈನಲ್ಲಿ ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಕೊಲೆಗಾರ ಮುಸ್ಲಿಂ ವಲಸಿಗ ಎಂಬ ಸುಳ್ಳು ಸುದ್ದಿ ಹರಡಿ, ಮರುದಿನವೇ ಅಲ್ಲಿಯ ಮಸೀದಿಯ ಮೇಲೆ ದಾಳಿಯಾಯಿತು. ಆತ ಬ್ರಿಟನ್ನಿನಲ್ಲೇ ಹುಟ್ಟಿದವನಾಗಿದ್ದ. ಆಗಸ್ಟ್ 7ರಂದು ಸಾವಿರಾರು ಜನ, ಬಹಳಷ್ಟು ಬಿಳಿಯರೇ, ಬೀದಿಗೆ ಬಂದು ವಲಸಿಗರ ಪರ ನಿಂತರು. ಇದನ್ನು ಕೇಳಿ ನಮಗೆ ಸಂತೋಷವಾಗುತ್ತದೆ. ಆದರೆ 2012ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ, ಮುಸ್ಲಿಮರು ದಾಳಿ ಮಾಡುತ್ತಾರೆಂಬ ಮೊಬೈಲ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ರೈಲು ಹತ್ತಿ ಓಡಿಹೋದರಲ್ಲ, ಅದನ್ನು ಮರೆಯಬಾರದು. ಅಂದು ಅವರಿಗೆ ಧೈರ್ಯ ಹೇಳಲು ಮುಂದೆ ಬಂದ ಮುಸ್ಲಿಂ ಹಿರಿಯರೇ ನಮಗೆ ಮಾದರಿ. ಇಂದು ನಿಮ್ಮ ಊರಿನ ಕಟ್ಟಡದ ಕೆಲಸಕ್ಕೆ, ಹೋಟೆಲಿಗೆ ಬೇರೆ ರಾಜ್ಯದಿಂದ ಬಂದಿರುವ ಹುಡುಗನನ್ನು ನೀವು ಹೇಗೆ ಮಾತನಾಡಿಸುತ್ತೀರಿ? ಅವನ ಭಾಷೆಯನ್ನು ಅಣಕಿಸುತ್ತೀರಾ? ಗಲ್ಫ್ ದೇಶದಲ್ಲಿರುವ ನಿಮ್ಮ ಅಣ್ಣನನ್ನೋ ಚಿಕ್ಕಪ್ಪನನ್ನೋ ಅಲ್ಲಿಯವರು ಹೇಗೆ ಕಾಣಬೇಕೆಂದು ಬಯಸುತ್ತೀರೋ ಹಾಗೆಯೇ ಇವನನ್ನು ಕಾಣಿರಿ.

ಅರಬ್ಬನಿಗೆ ಅರಬ್ಬನಲ್ಲದವನ ಮೇಲೆ, ಬಿಳಿಯನಿಗೆ ಕರಿಯನ ಮೇಲೆ ಯಾವ ಶ್ರೇಷ್ಠತೆಯೂ ಇಲ್ಲವೆಂದು ಪ್ರವಾದಿಯವರು (ಸ) ತಮ್ಮ ವಿದಾಯ ಭಾಷಣದಲ್ಲಿ ಸಾರಿದರು. ಅಬಿಸೀನಿಯದ ಹಜ್ರತ್ ಬಿಲಾಲರ (ರ) ದನಿಯನ್ನೇ ಅಜಾನ್‌ಗಾಗಿ ಆರಿಸಿದರು. ಗುಲಾಮನಾಗಿ ಹಿಂಸೆ ಉಂಡ ಪರದೇಶಿಯ ದನಿ ಮದೀನಾದ ಜನರನ್ನೆಲ್ಲ ನಮಾಜಿಗೆ ಕರೆಯಿತು. ಇದಕ್ಕಿಂತ ಹೆಚ್ಚಿಗೆ ನಾನೇನು ಹೇಳಲಿ?

ಅನ್ಯಾಯ ಕಂಡಾಗ ಮಾತನಾಡುವ ಧೈರ್ಯವನ್ನೂ, ಮಾತನಾಡುವ ಮೊದಲು ಸತ್ಯವನ್ನು ತಿಳಿದುಕೊಳ್ಳುವ ತಾಳ್ಮೆಯನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ದಯಪಾಲಿಸಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತು ಮುಗಿಸುತ್ತೇನೆ.

ಖುದಾ ಹಾಫಿಜ್. ಜೈ ಹಿಂದ್. ಜೈ ಕರ್ನಾಟಕ.